ಟೀಚರ ಬಲಗಣ್ಣು

ಟೀಚರ ಬಲಗಣ್ಣಿನ ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಅದರ ಕೆಳಗೆ, ಕೆನ್ನೆಯ ಎಲುಬಿನ ಮೇಲೆ, ಒಗ್ಗರಣೆಯ ಸಾಸಿವೆ ಸಿಡಿದು ಅಂಟಿಕೊಂಡ ಹಾಗೆ ಕೆಲವು ಕಪ್ಪು ಚುಕ್ಕೆಗಳು. ತೊಳೆದರೆ ಹೋಗುವಂಥವಲ್ಲ, ಚರ್ಮದ ಒಳಗೇ ಕೂತಿದ್ದವು. ಆ ಕಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಯಾರಾದರೂ ಮಾತಾಡಿಸಿದರೆ ಟೀಚರ್ ಮುಖವನ್ನು ತುಸು ಬಲಕ್ಕೆ ತಿರುಗಿಸಿ, ಎಡಗಣ್ಣನ್ನು ಮುಂದೆ ತಂದು ನೋಡುತ್ತಿದ್ದರು. ಗೊತ್ತಿಲ್ಲದವರು ಅದನ್ನು ಸೊಕ್ಕು ಅಂದುಕೊಳ್ಳುತ್ತಿದ್ದರು.

ಟೀಚರ್ ಹೋಗಿಬಿಟ್ಟರು. ಕಳೆದ ತಿಂಗಳು ಮೂಡುಬಿದಿರೆಯಲ್ಲಿ ಅವರಿಗೆ ನುಡಿನಮನ ಸಭೆ ಇತ್ತು. ರೈಫಲ್ ಕ್ಲಬ್ಬಿನ ಅಧ್ಯಕ್ಷರು ಬಿಳಿ ಅಂಗಿ ಹಾಕಿಕೊಂಡು ಬಂದು ಮೈಕ್ ಹಿಡಿದರು. “ನಮ್ಮ ಟೀಚರ್ ಜೀವಮಾನವಿಡೀ ಗುರಿ ಹಿಡಿದವರು. ಗುರಿ ಹಿಡಿದು ಹಿಡಿದು ಅವರ ಒಂದು ಕಣ್ಣು ಹಾಗೆಯೇ ಮುಚ್ಚಿಹೋಯಿತು. ಇದಲ್ಲವೇ ತಪಸ್ಸು?” ಎಂದರು. ಸಭೆ ತಲೆದೂಗಿತು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡದ್ದೂ ಆಯಿತು. ನನಗೆ ತಲೆಯಿಂದ ಕಾಲಿನವರೆಗೆ ಉರಿದುಹೋಯಿತು.

ಎಂಥ ಸುಳ್ಳು! ಸುಳ್ಳು ಹೇಳುವುದಾದರೂ ಸರಿಯಾಗಿ ಹೇಳಬೇಡವೇ? ಬಲಗೈಯವರು ಗುರಿ ಹಿಡಿಯುವುದು ಬಲಗಣ್ಣಿನಲ್ಲಿ. ಮುಚ್ಚುವುದಿದ್ದರೆ ಎಡಗಣ್ಣು ಮುಚ್ಚಬೇಕು. ಅದನ್ನೂ ಟೀಚರ್ ಮುಚ್ಚಲು ಬಿಡುತ್ತಿರಲಿಲ್ಲ. “ಎರಡು ಕಣ್ಣು ಕೊಟ್ಟದ್ದು ಎರಡೂ ತೆರೆದಿಡ್ಲಿಕ್ಕೆ ಮಾರಾಯ್ತಿ, ಒಂದನ್ನು ಮುಚ್ಚಿ ಯಾರಿಗೆ ಕಣ್ಣು ಹೊಡೀತಿ?” ಎಂದು ನಮ್ಮನ್ನು ಜೋರು ಮಾಡುತ್ತಿದ್ದರು. ಇದೆಲ್ಲ ಅಧ್ಯಕ್ಷರಿಗೆ ಗೊತ್ತು. ಆ ಕಣ್ಣು ಹೇಗೆ ಹೋಯಿತು ಎಂಬುದೂ ಗೊತ್ತು. ಅದು ಹೋಗುವಾಗ ಅವರು ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ನಾನು ನೆಲದ ಮೇಲೆ ಮಲಗಿದ್ದೆ.

ಟೀಚರ್ ಅಂದರೆ ನಮ್ಮ ಹೈಸ್ಕೂಲಿನ ಪೀಟಿ ಟೀಚರ್. ಉದ್ದ ಕೈಯ ಚೂಡಿದಾರ್, ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಸೀಟಿ. ಸೀಟಿ ಊದಿದ್ದನ್ನು ನಾನು ಕೇಳಿದ್ದು ಕಡಿಮೆ, ಅವರ ಗಂಟಲೇ ಸಾಕಿತ್ತು. ಸೈನ್ಯದಲ್ಲಿದ್ದ ಅವರ ತಂದೆ ಒಂದು ಪಾಯಿಂಟ್ ಟೂಟೂ ಕೋವಿ ಬಿಟ್ಟುಹೋಗಿದ್ದರು. ಅದರ ಲೈಸೆನ್ಸು ಟೀಚರ ಹೆಸರಿಗೆ ಬಂದಿತ್ತು. ತೋಡಾರಿನಲ್ಲಿ ಕಲ್ಲು ತೆಗೆದು ಬಿಟ್ಟ ಒಂದು ಕೆಂಪುಕಲ್ಲಿನ ಕೋರೆ ಉಂಟು, ಮೂರು ಕಡೆ ಮನೆಯೆತ್ತರದ ಗೋಡೆ. ಕ್ಲಬ್ಬಿನವರು ಅನುಮತಿ ತಂದು ಅಲ್ಲಿ ಗುರಿ ಅಭ್ಯಾಸಕ್ಕೆ ಜಾಗ ಮಾಡಿದ್ದರು. ಭಾನುವಾರ ಬೆಳಿಗ್ಗೆ ಟೀಚರ್ ಅಲ್ಲಿ ಹುಡುಗಿಯರಿಗೆ ಕೋವಿ ಕಲಿಸುತ್ತಿದ್ದರು.

ನಮ್ಮ ಮನೆ ಕೋರೆಯಿಂದ ಕೂಗಳತೆ ದೂರ. ಉಪ್ಪ ಗಲ್ಫಿನ ದಮ್ಮಾಮಿನಲ್ಲಿ ದುಡಿಯುತ್ತಿದ್ದರು, ಮನೆಯಲ್ಲಿ ಉಮ್ಮನದ್ದೇ ತೀರ್ಮಾನ. ನಾನು ಶಾಲೆಯಲ್ಲಿ ಒಬ್ಬ ಹುಡುಗನ ಮೇಲೆ ಡಸ್ಟರ್ ಎಸೆದ ಮರುದಿನ ಟೀಚರ್ ಮನೆಗೆ ಬಂದರು. ದೂರು ಹೇಳಲು ಬಂದಿರಬೇಕೆಂದು ನಾನು ಬಾಗಿಲ ಮರೆಯಲ್ಲಿ ನಿಂತೆ. ಅವರು ಕೇಳಿದ್ದು ನನ್ನನ್ನು ಕೋರೆಗೆ ಕಳಿಸುತ್ತೀರಾ ಎಂದು.

“ಹೆಣ್ಣುಮಕ್ಕಳಿಗೆ ಕೋವಿ ಎಲ್ಲ ಯಾಕೆ ಟೀಚರ್?” ಎಂದರು ಉಮ್ಮ.

“ನಿಮ್ಮ ಮಗಳಿಗೆ ಸಿಟ್ಟು ತುಂಬ ಉಂಟು. ಅದನ್ನು ಇಡ್ಲಿಕ್ಕೆ ಒಂದು ಜಾಗ ಬೇಕಲ್ಲ. ಇಲ್ಲದಿದ್ರೆ ನಾಳೆ ನಿಮ್ಮ ಮೇಲೆಯೇ ಎಸೆದಾಳು.”

ಉಮ್ಮ ನಕ್ಕುಬಿಟ್ಟರು. “ಅದು ಹೌದು. ಕರ್ಕೊಂಡು ಹೋಗಿ, ಒಂದು ಹೊತ್ತಾದ್ರೂ ನನಗೆ ನೆಮ್ಮದಿ.”

ಮೊದಲ ದಿನ ಟೀಚರ್ ನನ್ನ ಶಾಲಿನ ತುದಿಯನ್ನು ಹಿಡಿದು ಅಂಗಿಯ ಕತ್ತಿನೊಳಗೆ ಸಿಕ್ಕಿಸಿದರು. “ತಲೆಗೆ ಏನು ಬೇಕಾದ್ರೂ ಹಾಕು. ತುದಿ ಮಾತ್ರ ಹೊರಗೆ ನೇತಾಡಬಾರ್ದು, ಚಿಲಕಕ್ಕೆ ಸಿಕ್ಕಿಕೊಳ್ತದೆ” ಎಂದರು. ಕೋವಿಯಲ್ಲಿ ಚಿಲಕ ಎಲ್ಲಿಂದ ಬಂತು ಎಂದು ನಾನು ಸುತ್ತ ನೋಡಿದೆ. ಕ್ಲಬ್ಬಿನವರೆಲ್ಲ ಬೋಲ್ಟ್ ಎನ್ನುವುದನ್ನು ಟೀಚರ್ ಚಿಲಕ ಎನ್ನುತ್ತಿದ್ದರು. ಹಿಡಿಕೆ ಎತ್ತಿ ಹಿಂದಕ್ಕೆ ಎಳೆಯಬೇಕು, ಗುಂಡಿನ ತೋಟೆ ಇಡಬೇಕು, ಮುಂದಕ್ಕೆ ದೂಡಿ ಹಿಡಿಕೆ ಇಳಿಸಬೇಕು. ಬಾಗಿಲ ಚಿಲಕ ಹಾಕಿದ ಹಾಗೆಯೇ.

“ಮನೆ ಬಾಗಿಲನ್ನು ಹೊರಗಿನಿಂದ ಕಳ್ಳ ದೂಡ್ತಾನೆ. ಇಲ್ಲಿ ಒಳಗಿನಿಂದ ಬೆಂಕಿ ದೂಡ್ತದೆ. ಚಿಲಕದ ಕೆಲಸ ಎಂತ? ಆ ಬೆಂಕಿಗೆ ಅಡ್ಡಿ ಆಗುವುದು. ಅಡ್ಡಿ ಇಲ್ಲದಿದ್ರೆ ಅದು ಸೀದಾ ನಿನ್ನ ಮುಖಕ್ಕೆ” ಎಂದರು.

ನಮ್ಮ ಕಡೆಯವರಿಗೆ ಗೊತ್ತು, ನಾವು ದಿನಕ್ಕೆ ಎಷ್ಟು ಸಲ ‘ಅಡ್ಡಿಲ್ಲ’ ಎನ್ನುತ್ತೇವೆ ಎಂದು. ಊಟ ಹೇಗಿತ್ತು, ಅಡ್ಡಿಲ್ಲ. ಅಳಿಯ ಹೇಗೆ, ಅಡ್ಡಿಲ್ಲ. ಬಸ್ಸಿನ ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಿದರೂ ಅಡ್ಡಿಲ್ಲ. ಆ ಮಾತು ಕಿವಿಗೆ ಬಿದ್ದರೆ ಟೀಚರಿಗೆ ಮಂಡೆ ಬಿಸಿ. “ಸರಿ ಉಂಟಾದ್ರೆ ಸರಿ ಉಂಟು ಹೇಳು, ಇಲ್ಲದಿದ್ರೆ ಇಲ್ಲ ಹೇಳು. ಅಡ್ಡಿಲ್ಲ ಅಂದ್ರೆ ಎಂತ ಸಾವು?” ಎಂದು ಬೊಬ್ಬೆ ಹಾಕುತ್ತಿದ್ದರು. ಒಂದೇ ಒಂದು ಜಾಗದಲ್ಲಿ ಅದಕ್ಕೆ ಅವಕಾಶ ಇತ್ತು. ಗುಂಡು ಹಾರಿಸುವ ಮೊದಲು ಅವರು ಕೋರೆಯ ಗೋಡೆಗೆ ಬಡಿದು ಹಿಂದೆ ಬರುವಷ್ಟು ಜೋರಾಗಿ “ಅಡ್ಡಿ ಉಂಟಾ?” ಎಂದು ಕೂಗುತ್ತಿದ್ದರು. ದನವೋ ಸೊಪ್ಪು ಕೊಯ್ಯುವವರೋ ಎಲ್ಲಿಯಾದರೂ ಇದ್ದಾರೆಯೇ, ಕೋವಿ ಸರಿ ಇದೆಯೇ ಎಂದು ಒಬ್ಬೊಬ್ಬಳೂ ನೋಡಿ “ಅಡ್ಡಿ ಇಲ್ಲ” ಎಂದು ಬಿಡಿಸಿ ಹೇಳಬೇಕು. ಯಾರಾದರೂ “ಅಡ್ಡಿ ಉಂಟು” ಎಂದರೆ ಮುಗಿಯಿತು. ಕೋವಿಯಿಂದ ಕೈ ತೆಗೆದು, ಎರಡೂ ಅಂಗೈ ಬಿಡಿಸಿ ಮೇಲೆತ್ತಬೇಕು. ಹೇಳಿದವಳು ಕಾರಣ ಹೇಳುವವರೆಗೆ ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ಒಮ್ಮೆ ಒಬ್ಬ ಹುಡುಗಿ ಹಾಗೆ ಹೇಳಿ, ಕಾರಣ ಕೇಳಿದರೆ ಕಾಲಿಗೆ ಇರುವೆ ಕಚ್ಚಿತು ಎಂದಳು. ನಾವು ನಕ್ಕೆವು. ಟೀಚರ್ ನಗಲಿಲ್ಲ. “ಅವಳಿಗೆ ಅಡ್ಡಿ ಅನ್ನಿಸಿತು, ಹೇಳಿದಳು. ನೀವು ಹೇಳ್ತಿರಲಿಲ್ಲ, ಸುಮ್ಮನೆ ಗುಂಡು ಎಲ್ಲಿಗೋ ಕಳಿಸ್ತಿದ್ರಿ” ಎಂದು ನಮಗೇ ಬೈದರು.

ಒಂದು ವರ್ಷ ಅಧ್ಯಕ್ಷರು ವಿದೇಶದಿಂದ ಬಂದ ಹೊಸ ಕೋವಿಯೊಂದನ್ನು ಕೊಂಡುತಂದರು. ಅದರ ಚಿಲಕದ ಮೂತಿಯಲ್ಲಿ ಬೀಗ ಕಚ್ಚುವ ಮೂರು ಕಿವಿ, ತೋಟೆಯ ಬೆನ್ನಿಗೇ ಬೀಗ ಬೀಳುತ್ತಿತ್ತು. ಟೀಚರ ಕೋವಿಯಲ್ಲಿ ಹಿಡಿಕೆಯ ಬುಡವೇ ಬೀಗ, ಅದೂ ಹಿಂದುಗಡೆ. ಅಧ್ಯಕ್ಷರು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಒದರಿದರು: ಮುಂದೆ ಬೀಗ ಇರುವುದೇ ಗುರಿಗೆ ಒಳ್ಳೆಯದು, ಹಿಂದೆ ಬೀಗ ಇರುವುದೆಲ್ಲ ಹಂದಿ ಓಡಿಸುವ ಕೋವಿ.

“ಅರ್ಧ ಸರಿ” ಎಂದರು ಟೀಚರ್. ನಮ್ಮನ್ನು ಸುತ್ತ ಕೂರಿಸಿ ಎರಡನ್ನೂ ಬಿಚ್ಚಿಟ್ಟರು. ಪೊಲೀಸರ ಹಳೆಯ ತ್ರೀನಾಟ್‌ತ್ರೀಯಂಥ ದೊಡ್ಡ ತೋಟೆಯಾದರೆ ಹಿಂದಿನ ಬೀಗಕ್ಕೆ ಕಷ್ಟ, ಹೊಡೆತಕ್ಕೆ ಚಿಲಕವೇ ಉದ್ದಕ್ಕೂ ಕೂದಲೆಳೆಯಷ್ಟು ಕುಗ್ಗುತ್ತದೆ, ದೂರದ ಗುರಿಯಲ್ಲಿ ಗುಂಡು ಮೇಲೆ ಕೆಳಗೆ ಆಗುತ್ತದೆ. ನಮ್ಮ ಚಿಕ್ಕ ತೋಟೆಗೆ, ಐವತ್ತು ಮೀಟರಿಗೆ, ಅದೊಂದು ಲೆಕ್ಕವೇ ಅಲ್ಲ. ಕೆಲವು ಕೋವಿಗಳಲ್ಲಿ ಹಿಡಿಕೆ ಎತ್ತುವಾಗ ಸ್ಪ್ರಿಂಗು ಬಿಗಿಯಾಗುತ್ತದೆ, ಆಗ ಕೆನ್ನೆ ಕೋವಿಯಿಂದ ಏಳುತ್ತದೆ. ಕೆಲವುಗಳಲ್ಲಿ ದೂಡುವಾಗ, ಆಗ ಕೋವಿ ಹೆಗಲಿನಿಂದ ಜಾರುತ್ತದೆ. ಯಾವುದರಲ್ಲಿ ನಿನ್ನ ಮೈ ಅಲುಗುವುದಿಲ್ಲವೋ ಅದು ನಿನಗೆ ಒಳ್ಳೆಯದು. “ಆದ್ರೆ ಎಲ್ಲಕ್ಕಿಂತ ಮೊದಲು, ಈ ಚಿಲಕ ಈ ಕೋವಿದ್ದೇ ಆಗಿರಬೇಕು. ಕಿವಿ ಮೂರಿರಲಿ ಆರಿರಲಿ. ಒಂದೊಂದನ್ನು ಒಂದೊಂದಕ್ಕೆ ಅಂತ ಉಜ್ಜಿ ಕೂರಿಸಿರ್ತಾರೆ. ಅದಕ್ಕೇ ಎರಡರ ಮೇಲೂ ಒಂದೇ ನಂಬರು.”

ಆಮೇಲೆ ಎರಡನ್ನೂ ಹೊಡೆದು ನೋಡಿದರು. ಹೊಸ ಕೋವಿಯಲ್ಲಿ ಟೀಚರ್ ಹೊಡೆದ ಗುಂಡುಗಳೆಲ್ಲ ಒಂದೇ ತೂತು ಎನ್ನುವ ಹಾಗೆ ಕೂತವು. ಹಳೆಯದರಲ್ಲಿ ಸ್ವಲ್ಪ ಹರಡಿದವು. ಅದರಲ್ಲಿ ಅವರಿಗೆ ನಾಚಿಕೆ ಏನೂ ಇರಲಿಲ್ಲ, “ಇದು ತುಂಬ ಒಳ್ಳೆ ಕೋವಿ” ಎಂದು ಒಪ್ಪಿಕೊಂಡರು. ಅಧ್ಯಕ್ಷರು ಮಲಗಿ ಅದೇ ಕೋವಿಯಲ್ಲಿ ಹೊಡೆದರು. ಕಾಗದದ ತುಂಬ ತೂತು. ಹೇಗಾಯಿತು ಎಂದು ಕೇಳಿದರು. ಟೀಚರ್ ಕಾಗದ ನೋಡಿ ಹೇಳಿದರು: “ಅಡ್ಡಿಲ್ಲ.”

ಅದನ್ನು ಅಧ್ಯಕ್ಷರು ಮರೆಯಲಿಲ್ಲ ಎಂದು ನನ್ನ ಗುಮಾನಿ. ಹೊಸ ಕೋವಿ ಹುಡುಗಿಯರ ಕೈಗೆ ಬರಲೇ ಇಲ್ಲ, ಬೆಲೆಬಾಳುವ ವಸ್ತು ಎಂದು.

ನಾನು ಪಿಯುಸಿಯಲ್ಲಿದ್ದಾಗ ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳನ್ನೆಲ್ಲ ಜಮೆ ಇಡಬೇಕು. ಬಂಟ್ವಾಳ ಪೇಟೆಯಲ್ಲಿ ಒಂದು ಕೋವಿ ಅಂಗಡಿ ಇತ್ತು, ಸುತ್ತಲಿನ ಮೂರು ತಾಲೂಕಿನವರು ಅಲ್ಲಿ ಇಡುತ್ತಿದ್ದರು, ಟೀಚರೂ ಇಟ್ಟರು. ಚುನಾವಣೆ ಮುಗಿದರೂ ವಾಪಸು ಕೊಡುವ ಆದೇಶ ಬರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿದು ನೇತ್ರಾವತಿ ಏರಿತು. ನೀರು ಅಂಗಡಿಯ ಮೆಟ್ಟಿಲಿಗೆ ಬಂದಾಗ ಅಂಗಡಿಯವರು ಗಡಿಬಿಡಿಯಲ್ಲಿ ಕೋವಿಗಳ ಚಿಲಕಗಳನ್ನೆಲ್ಲ ಕಿತ್ತು ಒಂದು ಗೋಣಿಗೆ ತುಂಬಿಸಿ, ಕೋವಿಗಳನ್ನು ಬೇರೆಯಾಗಿ ಅಟ್ಟಕ್ಕೆ ಏರಿಸಿದರು. ಅಲ್ಲಿಯವರೆಗೆ ಅವರದ್ದೇನೂ ತಪ್ಪಿಲ್ಲ. ನೆರೆ ಇಳಿದ ಮೇಲೆ ಗೋಣಿಗೆ ಕೈ ಹಾಕಿ, ಯಾವ ಚಿಲಕ ಯಾವ ಕೋವಿಗೆ ಹೋಗುತ್ತದೋ ಅದನ್ನು ಅದಕ್ಕೆ ತುರುಕಿದರು ನೋಡಿ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕೋವಿ ತರಲು ನಾನೂ ಟೀಚರ ಜೊತೆ ಹೋಗಿದ್ದೆ. ಅವರು ಕೌಂಟರಿನಲ್ಲೇ ಚಿಲಕ ಎಳೆದು ದೂಡಿ ನೋಡಿದರು, ನಂಬರು ನೋಡಿದರು.

“ಇದು ನನ್ನದಲ್ಲ.”

“ಅದೇ ಕಂಪನಿ, ಅದೇ ಮೋಡೆಲ್ಲು ಟೀಚರ್. ಕೂತಿದೆಯಲ್ಲ, ಅಡ್ಡಿಲ್ಲ” ಎಂದರು ಅಂಗಡಿಯವರು.

“ನನ್ನದು ಯಾರಿಗೆ ಹೋಗಿದೆ?”

“ಯಾರಿಗೆ ಅಂತ ಹೇಗೆ ಹೇಳುವುದು? ನೆರೆಯಲ್ಲಿ ನಮಗೆ ನಮ್ಮದೇ ನೆನಪಿಲ್ಲ.”

ಅಲ್ಲಿಂದ ಒಂದು ಸರಕಾರಿ ಕಚೇರಿಗೆ ಹೋದೆವು. ಟೀಚರ್ ಮೇಜಿನ ಎದುರು ನಿಂತು, “ನನ್ನ ಚಿಲಕ ಬದಲಾಗಿದೆ, ದೂರು ಬರ್ಕೊಳ್ಳಿ” ಎಂದರು. ಗುಮಾಸ್ತ ತಲೆ ಎತ್ತದೆ ಹೇಳಿದ: “ಅದಕ್ಕೆ ಆಚಾರಿ ಹತ್ರ ಹೋಗ್ಬೇಕಮ್ಮ, ಇಲ್ಲಿ ಚಿಲಕ ರಿಪೇರಿ ಮಾಡುವುದಿಲ್ಲ.” ಸುತ್ತ ಇದ್ದವರು ಹೊಟ್ಟೆ ಹಿಡಿದು ನಕ್ಕರು. ಕೋವಿಯ ಚಿಲಕ ಎಂದು ಬಿಡಿಸಿ ಹೇಳಿದ ಮೇಲೆ, ಕೋವಿ ಸಿಕ್ಕಿದೆಯಲ್ಲ, ಮತ್ತೆ ಎಂಥ ದೂರು ಎಂದ. ಬಸ್ಸಿನಲ್ಲಿ ಬರುವಾಗ ಟೀಚರ್ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದೇ ಕೂತಿದ್ದರು.

ನನಗೆ ಆ ಸಲ ರಾಜ್ಯ ತಂಡದ ಆಯ್ಕೆ ಇತ್ತು. ಎದುರಿಗೆ ಎರಡೇ ವಾರ. ಟೀಚರ್ ಕೋವಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಬೇರೆ ಕೋವಿ ಹುಡುಕುತ್ತೇನೆ ಎಂದು ಊರೆಲ್ಲ ಫೋನು ಮಾಡಿದರು. ಭಾನುವಾರ ಅಧ್ಯಕ್ಷರು ಕೋರೆಗೆ ಬಂದರು. ಟೀಚರ್ ತೋರಿಸಲೆಂದು ತಂದಿದ್ದ ಕೋವಿಯನ್ನು ಅವರೇ ಚೀಲದಿಂದ ತೆಗೆದು, ಚಿಲಕ ಎರಡು ಸಲ ಆಡಿಸಿ ನೋಡಿದರು.

“ತೋಟೆ ಹೋಗ್ತದೆ, ಬರ್ತದೆ. ಇದಕ್ಕೆ ಇಷ್ಟು ರಗಳೆಯಾ? ಅಡ್ಡಿಲ್ಲ, ಹೊಡೀಲಿ.”

“ಅಡ್ಡಿ ಉಂಟು” ಎಂದರು ಟೀಚರ್.

ನಾವು ಹುಡುಗಿಯರೆಲ್ಲ ಅಂಗೈ ಎತ್ತಿದೆವು. ಅಧ್ಯಕ್ಷರು ನಕ್ಕರು. “ಕೈ ಇಳಿಸಿ ಮಾರಾಯ್ತಿಯರೇ, ನಾಟಕ ಸಾಕು” ಎಂದು ಕೋವಿಯನ್ನು ತಂದು ಚಾಪೆಯ ಮೇಲೆ ಮಲಗಿ ಬರಿಗೈಯಲ್ಲೇ ಭಂಗಿ ಅಭ್ಯಾಸ ಮಾಡುತ್ತಿದ್ದ ನನ್ನ ಕೈಗೆ ಕೊಟ್ಟರು. “ಸೆಲೆಕ್ಷನ್ ಬೇಕಾ ಬೇಡ್ವಾ ನಿನಗೆ?”

ಬೇಕಿತ್ತು. ಎಷ್ಟು ಬೇಕಿತ್ತು ಎಂದು ಟೀಚರಿಗೂ ಗೊತ್ತಿತ್ತು. ನಮ್ಮೆಲ್ಲರಿಗೆ ಇದ್ದದ್ದು ಒಂದೇ ರಕ್ಷಣೆಯ ಕನ್ನಡಕ, ಹೊಡೆಯುವವಳು ಹಾಕಿಕೊಳ್ಳಬೇಕು. ಅದು ನನ್ನ ಮುಖದ ಮೇಲಿತ್ತು. ನಾನು ಕೋವಿ ಹಿಡಿದು ಟೀಚರನ್ನು ನೋಡಿದೆ. ಅವರು ದಡದಡನೆ ಬಂದು ನನ್ನ ಕೈಯಿಂದ ಕಿತ್ತುಕೊಂಡರು.

“ಮಂಡೆ ಸಮ ಉಂಟಾ ನಿಮಗೆ? ಮಗುವಿನ ಕೈಗೆ ಕೊಡ್ತೀರಾ ಇದನ್ನು? ಗುಂಡು ಎಲ್ಲೆಲ್ಲಿಗೆ ಹೋಗ್ತದೆ ಅಂತ ನಾನೇ ತೋರಿಸ್ತೇನೆ, ನೋಡಿ!”

ನನ್ನನ್ನು ಪಕ್ಕಕ್ಕೆ ದೂಡಿ ಮಲಗಿದರು. ಮೊದಲ ಗುಂಡು ಗುರಿಗಿಂತ ಮೇಲೆ ಹೋಯಿತು, ಎರಡನೆಯದು ಕೆಳಗೆ. “ಕಂಡಿತಾ?” ಎಂದರು. ಮತ್ತೊಂದು ತೋಟೆ ಹಾಕಿದರು. ಈ ಸಲ ಬಂದ ಸದ್ದೇ ಬೇರೆ. ಚಿಲಕ ತೋಟೆಯ ಬೆನ್ನಿಗೆ ಪೂರ್ತಿ ತಾಗದೆ ಬಿಟ್ಟ ಸಂದಿನಲ್ಲಿ ತೋಟೆಯ ಅಂಚು ಒಡೆದು, ಬೆಂಕಿ ಹಿಂದಕ್ಕೆ ಬಂದಿತ್ತು. ಟೀಚರ್ ಕಿರುಚಲಿಲ್ಲ. ಮೂತಿ ಗೋಡೆಯ ಕಡೆಗೇ ಇರುವಂತೆ ಕೋವಿಯನ್ನು ಕೆಳಗೆ ಇಟ್ಟರು, ಆಮೇಲೆ ಬಲಗಣ್ಣಿಗೆ ಕೈ ಒತ್ತಿ ಹಿಡಿದರು. ಬೆರಳ ಸಂದಿನಿಂದ ರಕ್ತ ಇಳಿಯಿತು.

“ಕೋವಿ ಮುಟ್ಬೇಡಿ ಯಾರೂ” ಎಂದರು. ಮತ್ತೆ, “ಕನ್ನಡಕ ನಿನ್ನ ಹತ್ರವೇ ಉಂಟಲ್ಲ?” ಎಂದು ಕೇಳಿದರು. ಉಂಟು ಟೀಚರ್ ಎಂದೆ. “ಹಾಂ, ಅದು ಸರಿ” ಎಂದರು.

ಆಸ್ಪತ್ರೆಯ ಜಗಲಿಯಲ್ಲಿ ಅಧ್ಯಕ್ಷರು ಬಂದವರಿಗೆಲ್ಲ ಹೇಳುತ್ತಿದ್ದರು: “ಕನ್ನಡಕ ಹಾಕದ್ದು ಅವರದ್ದೇ ತಪ್ಪಲ್ಲವಾ? ಸ್ವಲ್ಪ ತಾಳ್ಮೆ ಬೇಕಿತ್ತು.” ನನಗೆ ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಅದರಲ್ಲಿ ಒಂದು ಎಳೆ ನಿಜ ಇತ್ತಲ್ಲ, ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ನನಗೆ ಟೀಚರ ಮೇಲೂ ಸಿಟ್ಟಿದೆ. ಕೋವಿಯನ್ನು ಕಿತ್ತುಕೊಂಡು ಚೀಲಕ್ಕೆ ಹಾಕಿ ಮನೆಗೆ ಹೋಗಬಹುದಿತ್ತು. ಸಿಟ್ಟಿಗೆ ಜಾಗ ಬೇಕು ಎಂದು ಉಮ್ಮನಿಗೆ ಹೇಳಿದವರು, ತಮ್ಮ ಸಿಟ್ಟನ್ನು ಆ ದಿನ ಎಲ್ಲಿ ಇಡಬೇಕೆಂದು ತಿಳಿಯದೆ ಹೋದರು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವರು ನನ್ನನ್ನು ಕರೆದುಕೊಂಡು ಮತ್ತೆ ಬಂಟ್ವಾಳದ ಅಂಗಡಿಗೆ ಹೋದರು. ಆ ಪಟ್ಟಿ ನೋಡಿದ್ದೇ ತಡ, ಅಂಗಡಿಯವರಿಗೆ ಎಲ್ಲ ನೆನಪಾಯಿತು. ಅದೇ ಮಾದರಿಯ ಇನ್ನೊಂದು ಕೋವಿ ಕೊಕ್ಕಡದ ಒಬ್ಬ ಕೃಷಿಕರದ್ದು ಎಂದರು. ಅಯ್ಯೋ ದೇವರೇ, ಕಣ್ಣು ಹೋಗುವವರೆಗೆ ಎಲ್ಲಿತ್ತು ಆ ನೆನಪು?

ಕೊಕ್ಕಡಕ್ಕೆ ಬಸ್ಸು ಬದಲಿಸಿ ಹೋದೆವು. ಟೀಚರಿಗೆ ದಾರಿಯುದ್ದಕ್ಕೂ ಒಂದೇ ಭಯ, ಆ ಮನುಷ್ಯ ಅಷ್ಟರಲ್ಲಿ ಹಂದಿಗೆಂದು ಗುಂಡು ಹಾರಿಸಿದರೆ ಎಂದು. ಅವರು ಅಂಗಳದಲ್ಲಿ ರಬ್ಬರ್ ಹಾಳೆ ಒಣಗಿಸುತ್ತಿದ್ದರು. ವಿಷಯ ಕೇಳಿ, “ನಂದು ಕೂತಿದೆ ಟೀಚರ್, ಅಡ್ಡಿಲ್ಲ, ಬಿಡಿ. ಮೊದಲು ಎಂತಾದ್ರೂ ಕುಡಿಯಿರಿ” ಎಂದರು. ಟೀಚರ್ ಕಣ್ಣಿನ ಪಟ್ಟಿಯನ್ನು ಬಿಚ್ಚಿ ತೋರಿಸಿದರು. ಕೃಷಿಕರು ಒಳಗೆ ಹೋಗಿ ಕೋವಿ ತಂದರು. ಜಗಲಿಯಲ್ಲಿ ಕೂತು ಟೀಚರ್ ಒಂದೇ ಕಣ್ಣಿನಲ್ಲಿ ನಂಬರು ಓದಲಾಗದೆ, “ನೀನು ಓದು” ಎಂದರು. ಓದಿದೆ. ಅವರ ಚಿಲಕ ಅವರಿಗೆ ಸಿಕ್ಕಿತು. ಆ ಮನೆಯ ಹೆಂಗಸು ಕೊಟ್ಟ ಬೆಲ್ಲದ ಕಾಫಿ ಕುಡಿದು ಬಂದೆವು.

ಬೆಂಕಿ ಹಿಂದಕ್ಕೆ ಬಂದ ಕೋವಿಯನ್ನು ಬಲ್ಲವರು ನೋಡದೆ ಹೊಡೆಯುವಂತಿರಲಿಲ್ಲ; ನನ್ನ ಆಯ್ಕೆಗೆ ಅಧ್ಯಕ್ಷರು ತಾವಾಗಿಯೇ ಹೊಸ ಕೋವಿ ಕೊಟ್ಟರು. ಮುಟ್ಟುವುದಿಲ್ಲ ಎಂದೆ. “ಕೋವಿ ನಿನಗೆ ಎಂತ ಮಾಡಿದೆ? ಒಳ್ಳೆ ಕೋವಿ ಅದು, ಹೋಗಿ ಹೊಡಿ” ಎಂದು ಟೀಚರ್ ಜೋರು ಮಾಡಿದರು. ಹೋದೆ, ಆಯ್ಕೆಯಾದೆ. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಅದಾದ ಮೇಲೆ ಕ್ಲಬ್ಬು ಟೀಚರಿಗೆ ತಿಳಿಸಿತು, ಸುರಕ್ಷತೆಯ ದೃಷ್ಟಿಯಿಂದ ಅವರು ಇನ್ನು ಕೋರೆಗೆ ಬರುವುದು ಬೇಡ ಎಂದು. ಸುರಕ್ಷತೆ! ಆ ಶಬ್ದ ಆ ಕೋರೆಗೆ ಬಂದದ್ದೇ ಅವರಿಂದ.

ಮದುವೆಯಾಗಿ ನಾನು ಬಂಟ್ವಾಳಕ್ಕೆ ಬಂದ ಮೇಲೂ ಅವರನ್ನು ನೋಡಲು ಹೋಗುತ್ತಿದ್ದೆ. ಅವತ್ತು ನಡೆದದ್ದನ್ನು ನೀವು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಒಮ್ಮೆ ಜಗಳವನ್ನೇ ಮಾಡಿದೆ. “ಹೇಳಿದ್ದೇನಲ್ಲ ಅವತ್ತೇ, ಅಡ್ಡಿ ಉಂಟು ಅಂತ. ಇನ್ನೆಷ್ಟು ಸಲ ಹೇಳುವುದು?” ಎಂದು ಎಡಗಣ್ಣು ನನ್ನ ಕಡೆ ತಿರುಗಿಸಿ ಹೇಳಿದರು. ಅವರ ಕೊನೆಯ ದಿನಗಳಲ್ಲಿ ಮಾತು ಹೋಗಿತ್ತು. ನನ್ನ ಕೈ ಹಿಡಿದು ಅಂಗೈಯನ್ನು ಬಿಡಿಸಿ ನೋಡುತ್ತಿದ್ದರು, ಅಷ್ಟೇ.

ಇಷ್ಟೆಲ್ಲ ಆದದ್ದನ್ನು ‘ತಪಸ್ಸು’ ಎಂದು ಮೈಕಿನಲ್ಲಿ ಹೇಳಿದಾಗ ನಾನು ಎದ್ದು ನಿಂತೆ. ಸಭೆ ನಡೆಸುತ್ತಿದ್ದವರು ಬಳಿಗೆ ಬಂದು ಪಿಸುಗುಟ್ಟಿದರು: “ಈಗ ಎಂತಕ್ಕೆ ಅದೆಲ್ಲ? ಹೋದವರ ಬಗ್ಗೆ ಒಳ್ಳೆ ಮಾತೇ ಹೇಳಿದ್ದಾರಲ್ಲ. ಅಡ್ಡಿಲ್ಲ, ಕೂತ್ಕೊಳ್ಳಿ.”

ನಾನು ಟೀಚರ ಹಾಗೆ, ಗೋಡೆಗೆ ಬಡಿಯುವಷ್ಟು ಜೋರಾಗಿ ಕೂಗಿದೆ: “ಅಡ್ಡಿ ಉಂಟು!”

ಹಿಂದಿನ ಸಾಲುಗಳಲ್ಲಿ ಅವರ ಹಳೆಯ ಹುಡುಗಿಯರಿದ್ದರು. ಮಡಿಲಲ್ಲಿ ಮಗು ಇದ್ದವರು, ಬ್ಯಾಂಕಿನಿಂದ ಸೀದಾ ಬಂದವರು, ಕೂದಲು ನರೆತವರು. ಒಬ್ಬೊಬ್ಬಳ ಎರಡೂ ಅಂಗೈ ಬಿಚ್ಚಿಕೊಂಡು ಮೇಲಕ್ಕೆ ಬಂದವು. ಯಾರೂ ಯೋಚಿಸಿ ಎತ್ತಿದ್ದಲ್ಲ. ಅಷ್ಟು ವರ್ಷ ಅದೇ ಕೋರೆಯಲ್ಲಿ ಮಲಗಿ ಹೊಡೆದ ಅಧ್ಯಕ್ಷರ ಕೈಯೂ ಮೈಕನ್ನು ಬಿಟ್ಟಿತು.

ಕಾರಣ ಹೇಳುವವರೆಗೆ ಇನ್ಯಾರೂ ಮಾತಾಡುವಂತಿಲ್ಲ. ಯಾರೂ ಮಾತಾಡಲಿಲ್ಲ. ನಾನು ಆ ಒಂದೇ ಕನ್ನಡಕದಿಂದ ಸುರುಮಾಡಿದೆ.